ಇ-ಬೀಮ್ ವೈರ್‌ನ ಪ್ಲಾಸ್ಟಿಕ್ಕಿನಲ್ಲಿ ಎಲೆಕ್ಟ್ರಾನ್‌ಗಳು ಉಳಿದುಕೊಂಡು ಷಾಕ್ ಹೊಡೆಯುತ್ತವೆಯೇ?

ಹೊಸ ಮನೆಗೆ ವೈರಿಂಗ್ ಮಾಡಿಸುತ್ತಿರುವ ನಿಮಗೆ ಅಂಗಡಿಯವರು ಇ-ಬೀಮ್ ವೈರ್, ಅಂದರೆ ಪ್ಲಾಸ್ಟಿಕ್ ಹೊದಿಕೆಗೆ ಎಲೆಕ್ಟ್ರಾನ್ ಕಿರಣ ಹಾಯಿಸಿ ತಯಾರಿಸಿದ ವೈರ್ ತೋರಿಸಿದ್ದಾರೆ. ಕರೆಂಟ್ ತಡೆಯಬೇಕಾದ ಪ್ಲಾಸ್ಟಿಕ್ಕಿಗೇ ಎಲೆಕ್ಟ್ರಾನ್‌ಗಳನ್ನು ಹೊಡೆದು ತುಂಬಿದರೆ ಅವು ಅಲ್ಲೇ ಕುಳಿತು ಮುಂದೊಂದು ದಿನ ಷಾಕ್ ಕೊಡುವುದಿಲ್ಲವೇ ಎಂದು ಕೇಳಿದ್ದೀರಿ. ಕೊಡುವುದಿಲ್ಲ. ಆದರೆ ಅನುಮಾನ ಅಸಂಬದ್ಧವೇನಲ್ಲ. ಪ್ಲಾಸ್ಟಿಕ್ ಸಾಕಷ್ಟು ದಪ್ಪವಿದ್ದಿದ್ದರೆ ನೀವು ಹೆದರಿದಂತೆಯೇ ಆಗುತ್ತಿತ್ತು.

ಕೆಲವು ವರ್ಷ ಪಾಲಿಮರ್ ಪ್ರಯೋಗಾಲಯದಲ್ಲಿ ದುಡಿದವನು ನಾನು. ಅಲ್ಲಿಂದ ತಂದ ಅಂಗೈ ಅಗಲದ ಅಕ್ರಿಲಿಕ್ ತುಂಡೊಂದು ಇಂದಿಗೂ ನನ್ನ ಮೇಜಿನ ಮೇಲಿದೆ. 50 ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಇಂಥ ತುಂಡಿನೊಳಗೆ ಒಂದೂವರೆ ಎರಡು ಸೆಂಟಿಮೀಟರ್ ನುಗ್ಗಿ ನಿಲ್ಲುತ್ತವೆ. ನಿಂತ ಮೇಲೆ ಹಿಂದಕ್ಕೂ ದಾರಿಯಿಲ್ಲ, ಮುಂದಕ್ಕೂ ದಾರಿಯಿಲ್ಲ. ಅಣುಸರಪಳಿಗಳ ನಡುವಿನ ಬಲೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೇಲುಮೇಲಿನ ಬಲೆಯಲ್ಲಿದ್ದದ್ದು ಕೋಣೆಯ ಶಾಖಕ್ಕೇ ಎದ್ದು ಹೊರಡುತ್ತದೆ. ಆಳದ ಬಲೆಯಲ್ಲಿ ಬಿದ್ದದ್ದು ದಿನಗಟ್ಟಲೆ, ತಿಂಗಳುಗಟ್ಟಲೆ ಕದಲುವುದಿಲ್ಲ. ಹೊರಗಿನಿಂದ ನೋಡಿದರೆ ಬರಿಯ ಗಾಜಿನಂಥ ಇಟ್ಟಿಗೆ. ಅಂಚಿಗೆ ಮೊಳೆಯಿಟ್ಟು ಸುತ್ತಿಗೆಯಿಂದ ಒಮ್ಮೆ ತಟ್ಟಿದರೆ ಚಟ್ಟೆಂದು ಮಿಂಚುತ್ತದೆ, ಕೂಡಿಟ್ಟ ವಿದ್ಯುತ್ ಆವೇಶದ (ಚಾರ್ಜ್) ಬಹುಪಾಲು ಆ ಗುಳಿಯಿಂದ ಹೊರಗೆ ಬೀಳುತ್ತದೆ. ಅದು ಹರಿದ ಜಾಡಿನಲ್ಲೆಲ್ಲ ಅಕ್ರಿಲಿಕ್ ಸುಟ್ಟು ಬಿರಿದು, ಎಲೆ ಉದುರಿದ ಮರವೊಂದು ಒಳಗೇ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಕೊನೆಯ ಕವಲುಗಳು ಕೂದಲಿಗಿಂತ ತೆಳ್ಳಗಿವೆ; ಉಗುರಿಗೆ ತಾಗುವುದು ಮೊಳೆಯ ಗುಳಿ ಮಾತ್ರ. 1777ರಲ್ಲಿ ಜರ್ಮನಿಯ ಗಟಿಂಗನ್‌ನ ಭೌತವಿಜ್ಞಾನಿ ಲಿಖ್ಟನ್‌ಬರ್ಗ್ ರಾಳದ ಬಿಲ್ಲೆಯ ಮೇಲೆ ಕುಳಿತ ದೂಳಿನಲ್ಲಿ ಇಂಥದ್ದೇ ಕವಲುಗಳನ್ನು ಕಂಡಿದ್ದ. ಹಾಗಾಗಿ ಇವಕ್ಕೆ ಅವನದೇ ಹೆಸರು. (ಹೊಸತರಲ್ಲಿ ನನ್ನ ತುಂಡು ತಿಳಿ ಚಹಾದ ಬಣ್ಣಕ್ಕಿತ್ತು. ವರ್ಷ ಕಳೆದಂತೆ ಅಂಚಿನಿಂದ ತಿಳಿಯಾಗುತ್ತ ಬಂತು.)

ಇನ್ನು ಇದರ ಮತ್ತೊಂದು ಮುಖ. ಆವೇಶವನ್ನು ಹೂಳುವ ಕಿರಣವೇ ಅದು ಸೋರಿಹೋಗುವ ದಾರಿಯನ್ನೂ ತೆರೆಯುತ್ತದೆ. ವೇಗವಾಗಿ ಹಾಯುವ ಒಂದೊಂದು ಎಲೆಕ್ಟ್ರಾನ್ ದಾರಿಯುದ್ದಕ್ಕೂ ಅಣುಗಳಿಂದ ಸಾವಿರಾರು ಎಲೆಕ್ಟ್ರಾನ್‌ಗಳನ್ನು ಕಿತ್ತೆಬ್ಬಿಸುತ್ತದೆ. ಅಷ್ಟು ಹೊತ್ತು ಅವಾಹಕವು ಅಲ್ಪಸ್ವಲ್ಪ ವಾಹಕವಾಗಿರುತ್ತದೆ. ಕಿರಣ ಜೋರಾದಷ್ಟೂ ಈ ವಾಹಕತೆ ಹೆಚ್ಚು. ಕಿರಣ ನಿಲ್ಲಿಸಿದ ಮೇಲೂ ಒಮ್ಮೆಗೇ ಸಾಯದೆ ನಿಧಾನವಾಗಿ ಇಳಿಯುತ್ತದೆ. ಅಂದರೆ ತುಂಬುವುದಕ್ಕೂ ಸೋರುವುದಕ್ಕೂ ಪೈಪೋಟಿ. ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕಿರಣ ಮಂದವಾಗಿದ್ದರೆ ಅಪಾಯವಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಯಲ್ಲಿರುವ ಎಲೆಕ್ಟ್ರಾನ್‌ಗಳು ಕಾರ್ಖಾನೆಯ ಕಿರಣಕ್ಕೆ ಹೋಲಿಸಿದರೆ ಬರೀ ತುಂತುರು. ಆ ತುಂತುರು ದಿನಗಟ್ಟಲೆ ಬಿದ್ದರೆ ಉಪಗ್ರಹದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಆವೇಶ ಜಮೆಯಾಗುತ್ತಲೇ ಹೋಗುತ್ತದೆ, ಸೋರುವ ತೂತು ತೀರ ಸಣ್ಣದಿರುವುದರಿಂದ. 1994ರ ಜನವರಿ 20ರಂದು ಕೆನಡಾದ ಎನಿಕ್ ಇ1, ಇ2 ಉಪಗ್ರಹಗಳು ಒಂದರ ಹಿಂದೊಂದು ಹಿಡಿತ ತಪ್ಪಿದ್ದಕ್ಕೆ ಇಂಥ ಒಳಗಿನ ಕಿಡಿಯೇ ಕಾರಣವೆಂದು ತಜ್ಞರು ಹೇಳಿದರು. ಇ1 ಅದೇ ದಿನ ಸರಿಹೋಯಿತು. ಇ2ನ್ನು ದಾರಿಗೆ ತರಲು ತಿಂಗಳುಗಳೇ ಹಿಡಿದವು.

ನಿಮ್ಮ ವೈರ್‌ನ ವಿಷಯ ಬೇರೆ. ಅದರ ಹೊದಿಕೆ ಒಂದು ಮಿಲಿಮೀಟರಿಗೂ ತೆಳು. 10 ಲಕ್ಷ ಎಲೆಕ್ಟ್ರಾನ್-ವೋಲ್ಟ್‌ನ ಕಿರಣ ಪ್ಲಾಸ್ಟಿಕ್ಕಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಹಾಯಬಲ್ಲದು. ಹಾಗಾಗಿ ಬಹುಪಾಲು ಎಲೆಕ್ಟ್ರಾನ್‌ಗಳು ಹೊದಿಕೆಯನ್ನು ದಾಟಿ ಒಳಗಿನ ತಾಮ್ರ ಸೇರುತ್ತವೆ, ಅಲ್ಲಿಂದ ನೆಲಕ್ಕೆ. ಅಲ್ಪಸ್ವಲ್ಪ ಉಳಿದದ್ದು ವೈರ್ ನಿಮ್ಮ ಅಂಗಡಿಗೆ ಬರುವಷ್ಟರಲ್ಲಿ ಎಂದೋ ಸೋರಿಹೋಗಿರುತ್ತದೆ. ತಲೆನೋವಿರುವುದು ದಪ್ಪ ಹೊದಿಕೆಯ ಕೇಬಲ್ ತಯಾರಿಸುವವರಿಗೆ; ಅಲ್ಲಿ ಎಲೆಕ್ಟ್ರಾನ್‌ಗಳು ನಡುವೆಯೇ ನಿಂತು, ನನ್ನ ಮೇಜಿನ ಮೇಲಿರುವಂಥ ಮರ ಕೇಬಲಿನೊಳಗೇ ಬೆಳೆದುಬಿಡಬಹುದು.

ಕಿರಣ ಹಾಯಿಸುವ ಉದ್ದೇಶವೂ ಆವೇಶ ತುಂಬುವುದಲ್ಲ, ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆಯುವುದು. ಹೆಣೆದ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾದೀತೇ ಹೊರತು ಹರಿಯುವುದಿಲ್ಲ. ಅಂಗಡಿಯವರು ಕೊಡುತ್ತಿರುವುದು ನಿಜವಾಗಿ ಇ-ಬೀಮ್ ವೈರೋ ಅಲ್ಲವೋ ಎಂಬ ಅನುಮಾನವಿದ್ದರೆ ಅದರದೊಂದು ಗೇಣುದ್ದದ ತುಂಡು, ಮಾಮೂಲಿ ಪಿವಿಸಿ ವೈರ್‌ನದೊಂದು ತುಂಡು ಕೇಳಿ ತನ್ನಿ. ಕಿಟಕಿ ತೆರೆದಿಟ್ಟು ಎರಡಕ್ಕೂ ಕಾದ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ತಾಗಿಸಿ. ಪಿವಿಸಿ ಬೆಣ್ಣೆಯಂತೆ ಜಾರಿ ತಾಮ್ರ ಕಾಣಿಸುತ್ತದೆ.