ಹಳೆಯ ವಾಪ್ ಸೆಟ್ಟಿನಲ್ಲಿ ಒಂದು ಪುಟವೂ ತೆರೆಯುವುದಿಲ್ಲ, ಯಾಕೆ?

ಮಂಜೇಶ್ವರದಿಂದ ನೀವು ಕೇಳಿದ್ದು ಇಷ್ಟು: ಅಟ್ಟದಲ್ಲಿ ಸಿಕ್ಕಿದ ಜಿಪಿಆರ್‌ಎಸ್ (2ಜಿ ಇಂಟರ್ನೆಟ್) ಸೆಟ್ಟಿಗೆ ರೇಂಜ್ ಸಿಗುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಸೆಟ್ಟಿಂಗಿನಲ್ಲಿರುವ 9201 ಏನು? ಅದರಲ್ಲಿ ಕನ್ನಡದ ಬಸ್ ಟೈಮು ತೋರಿಸಬಹುದಾ?

ವಾಪ್ ಎಂದರೆ ಹಳೆಯ ಫೋನುಗಳಿಗೆ ಇಂಟರ್ನೆಟ್ ತೋರಿಸಲು ಮಾಡಿದ ನಿಯಮಗಳ ಕಟ್ಟು. ಸೆಟ್ಟಿನ ಕೈಪಿಡಿಯಲ್ಲಿ ವಾಪ್ 1.1 ಅಥವಾ 1.2.1 ಎಂದಿದ್ದರೆ ಅದಕ್ಕೆ ವೆಬ್ ಪುಟ ತರಿಸುವ ಎಚ್‌ಟಿಟಿಪಿಯೇ ಬರುವುದಿಲ್ಲ. ಎರಿಕ್ಸನ್, ಮೊಟೊರೊಲಾ, ನೋಕಿಯಾ, ಅನ್‌ವೈರ್ಡ್ ಪ್ಲಾನೆಟ್ ಸೇರಿ 1997ರಲ್ಲಿ ವಾಪ್ ಫೋರಂ ಕಟ್ಟಿದಾಗ ಇದ್ದದ್ದು 9600 ಬಿಪಿಎಸ್ ಲೈನು, ನಿಮಿಷದ ಲೆಕ್ಕದ ಬಿಲ್ಲು. ಹಾಗಾಗಿ ಫೋನಿಗೂ ವೆಬ್ಬಿಗೂ ನಡುವೆ ಗೇಟ್‌ವೇ ಎಂಬ ದಲ್ಲಾಳಿ ಸರ್ವರು ಕೂರಿಸಿದರು. ಅದು ಡಬ್ಲ್ಯೂಎಂಎಲ್ (ವಾಪ್ ಪುಟ ಬರೆಯುವ ಭಾಷೆ) ಪುಟವನ್ನು ಬೈನರಿಗೆ ಹಿಂಡಿ ಫೋನಿಗೆ ಕಳಿಸುತ್ತದೆ. 9201 ಎಂದರೆ ಆ ಗೇಟ್‌ವೇಯ ಯುಡಿಪಿ ಪೋರ್ಟು, ಅಂದರೆ ಪ್ಯಾಕೆಟ್ ಒಳಗೆ ಹೋಗುವ ಬಾಗಿಲಿನ ನಂಬರು. ಗೇಟ್‌ವೇ ಮುಚ್ಚಿದರೆ ಸೆಟ್ಟು ಕುರುಡು. ಜಪಾನಿನ ಮೊಬೈಲ್ ಇಂಟರ್ನೆಟ್ ಸೇವೆ ಐ-ಮೋಡ್ 1999ರಲ್ಲೇ ವೆಬ್ ಪುಟದ ಭಾಷೆ ಎಚ್‌ಟಿಎಂಎಲ್‌ನ ಸಣ್ಣ ರೂಪ ಹಿಡಿಯಿತು. ನನ್ನ ಲೆಕ್ಕದಲ್ಲಿ ಸರಿದಾರಿ ಅದೇ, ವಾಪ್ 2.0 ಕೂಡ ಅದರದ್ದೇ ಕಟ್ಟುನಿಟ್ಟಿನ ರೂಪವಾದ ಎಕ್ಸ್‌ಎಚ್‌ಟಿಎಂಎಲ್ ಕಡೆಗೇ ತಿರುಗಿತು.

ಈಗ ಮಾಡಬಹುದಾದದ್ದು: ಹೊರಗಿನಿಂದ ನೇರ ತಲುಪುವ ಪಬ್ಲಿಕ್ ಐಪಿ ಇರುವ ಲಿನಕ್ಸ್ ಸರ್ವರಿನಲ್ಲಿ ಕ್ಯಾನೆಲ್ ಎಂಬ ಮುಕ್ತ ಗೇಟ್‌ವೇ ಹಾಕಿ. ಅದರೊಳಗಿನ ಪ್ರೋಗ್ರಾಮುಗಳಲ್ಲಿ ಮೊದಲು ಬೇರರ್‌ಬಾಕ್ಸ್, ಆಮೇಲೆ ವಾಪ್‌ಬಾಕ್ಸ್ ಓಡಿಸಿ, ಯುಡಿಪಿ 9200 ಮತ್ತು 9201 ತೆರೆದಿಡಿ. ಫೋನಿನಲ್ಲಿ ಗೇಟ್‌ವೇ ಐಪಿ ಜಾಗಕ್ಕೆ ಆ ಸರ್ವರಿನದನ್ನು ಕೊಡಿ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಐಪಿ ಹಲವರ ನಡುವೆ ಹಂಚಿಹೋಗಿದ್ದರೆ ಪ್ಯಾಕೆಟ್ ಒಳಗೆ ಬರುವುದೇ ಇಲ್ಲ, ಸಣ್ಣ ಬಾಡಿಗೆ ಸರ್ವರ್ ಸಾಕು. ವೆಬ್ ಸರ್ವರು ಪುಟವನ್ನು ಡಬ್ಲ್ಯೂಎಂಎಲ್‌ನ ಮೈಮ್ ಟೈಪಿನಲ್ಲೇ (ಕಡತ ಯಾವ ಬಗೆಯದೆಂದು ಹೇಳುವ ಗುರುತು) ಕೊಡಬೇಕು. ಒಂದು ಟ್ಯಾಗ್ ಮುಚ್ಚದೆ ಉಳಿದರೂ ಪುಟ ಪೂರ್ತಿ ಬೀಳುತ್ತದೆ, ಇದು ಎಕ್ಸ್‌ಎಂಎಲ್, ಕ್ಷಮೆ ಇಲ್ಲ.

ಕನ್ನಡದ್ದು ಬೇರೆಯೇ ತಲೆನೋವು. ನೋಕಿಯಾ 7110ರಂಥ ಸೆಟ್ಟಿಗೆ ಹಿಂಡಿದ ಡೆಕ್ಕು (ಒಮ್ಮೆಗೆ ಬರುವ ಪುಟಗಳ ಕಟ್ಟು) ಸುಮಾರು 1400 ಬೈಟಿನೊಳಗೆ ಇರಬೇಕು, ಒಳಗಿನ ಕಾರ್ಡು ಅಂದರೆ ಪರದೆಗಳೆಲ್ಲ ಸೇರಿ. ಕನ್ನಡ ಅಕ್ಷರ ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ 'ಕಾಸರಗೋಡು' ಒಂದಕ್ಕೇ 24 ಬೈಟು. ಅಷ್ಟು ಕೊಟ್ಟರೂ ಫಾಂಟ್ ಇಲ್ಲದ ಸೆಟ್ಟು ಚೌಕಗಳನ್ನೇ ತೋರಿಸುತ್ತದೆ. ಆದ್ದರಿಂದ ಊರ ಹೆಸರನ್ನು ಡಬ್ಲ್ಯೂಬಿಎಂಪಿ (ವಾಪ್‌ನ ಕಪ್ಪು-ಬಿಳುಪು ಚಿತ್ರರೂಪ) ಚಿತ್ರ ಮಾಡಿ, ಸಮಯವನ್ನು ಅಂಕಿಯಲ್ಲಿ ಬಿಡಿ. 96×24 ಪಿಕ್ಸೆಲಿನ ಒಂದು ಸಾಲು 292 ಬೈಟು: ಚಿತ್ರ 288, ತಲೆಭಾಗ 4. ಎತ್ತರ 16ಕ್ಕೆ ಇಳಿಸಿದರೆ 'ಕುಂಬ್ಳೆ'ಯ ಒತ್ತು ಮುದ್ದೆಯಾಗುತ್ತದೆ. ಡಬ್ಲ್ಯೂಬಿಎಂಪಿಯಲ್ಲಿ 0 ಕಪ್ಪು, 1 ಬಿಳಿ. ತಿರುಗಾಮುರುಗಾ ಆದರೆ ಅಕ್ಷರ ಕಪ್ಪು ಪಟ್ಟಿಯಲ್ಲಿ ಬಿಳಿಯಾಗಿ ಕಾಣುತ್ತದೆ.

ಜಾವಾ ಇರುವ ಸೆಟ್ಟುಗಳಲ್ಲಿ ಇದನ್ನೇ ಒಪೆರಾ ಮಿನಿ ಬ್ರೌಸರು ತನ್ನ ಸರ್ವರಿನಲ್ಲಿ ಮಾಡುತ್ತಿತ್ತು: ಕಾನ್ಫಿಗ್ ಪುಟದಲ್ಲಿ ಬಿಟ್‌ಮ್ಯಾಪ್ ಫಾಂಟಿನ ಸಾಲಿಗೆ 'ಯೆಸ್' ಎಂದರೆ ಕನ್ನಡ ಚಿತ್ರವಾಗಿ ಬರುತ್ತಿತ್ತು.

ನಿಮ್ಮದು ವಾಪ್ 2.0 ಸೆಟ್ಟಾದರೆ ಗೇಟ್‌ವೇ ಕಡ್ಡಾಯವಲ್ಲ. ಎಕ್ಸ್‌ಎಚ್‌ಟಿಎಂಎಲ್ ಪುಟವನ್ನು ಪೋರ್ಟ್ 80ರಲ್ಲಿ ಸಾದಾ ಎಚ್‌ಟಿಟಿಪಿಯಲ್ಲೇ ಇಡಿ, ಈಗಿನ ಎಚ್‌ಟಿಟಿಪಿಎಸ್‌ಗೆ ಆ ಕಾಲದ ಫೋನು ಕೈಕುಲುಕುವುದಿಲ್ಲ.

ಇನ್ನೊಂದು, ನಿಮ್ಮ ಕಡೆಗೆ ಮಾತ್ರ: ಗಡಿಯ ತಲಪಾಡಿ ಹತ್ತಿರ ಸೆಟ್ಟು ಕೇರಳ ಬಿಟ್ಟು ಕರ್ನಾಟಕ ಸರ್ಕಲ್ಲಿನ ಟವರ್ ಹಿಡಿಯಬಹುದು. ಪರೀಕ್ಷೆ ಮಾಡುವಾಗ ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನ್ಯುಯಲ್ ಮಾಡಿ ಕೇರಳದ್ದನ್ನೇ ಹಿಡಿದಿಡಿ, ಇಲ್ಲವಾದರೆ ತಪ್ಪು ಕ್ಯಾನೆಲಿನದೋ ರೋಮಿಂಗಿನದೋ ಎಂದು ಗೊತ್ತಾಗುವುದಿಲ್ಲ.