ಚಂಡೆ ಕೇಳಿ ಕ್ಲಿಕ್ ಮಾಡಿ

ಪ್ರಶ್ನೆ: ಹೊಸದಾಗಿ ಡಿಎಸ್‌ಎಲ್‌ಆರ್ ತಗೊಂಡಿದ್ದೇನೆ. ಜೊತೆಗೆ ಬಂದ 18-55 ಲೆನ್ಸ್ ಒಂದೇ ಇರುವುದು. ಹಗಲು ಫೋಟೊ ಚೆನ್ನಾಗಿ ಬರುತ್ತದೆ. ರಾತ್ರಿ ನಮ್ಮೂರಿನ ಯಕ್ಷಗಾನದಲ್ಲಿ ತೆಗೆದರೆ ಮಾತ್ರ ವೇಷಗಳೆಲ್ಲ ಅಲುಗಾಡಿದ ಹಾಗೆ, ಮುಖ ಸುಣ್ಣ ಬಳಿದ ಹಾಗೆ. ಆಟೋ ಮೋಡ್‌ನಲ್ಲೇ ತೆಗೆಯುತ್ತೇನೆ. ಬೇರೆ ಲೆನ್ಸ್ ಬೇಕಾ?
– ಒಬ್ಬ ಓದುಗರು, ಕುಂದಾಪುರ

ಉತ್ತರ: ಲೆನ್ಸಿನ ಮಾತು ಆಮೇಲೆ. ನೀವು ಹೇಳಿದ ಎರಡೂ ತೊಂದರೆಗೆ ಕಾರಣ ಒಂದೇ. ಕ್ಯಾಮೆರಾಗೆ ರಂಗಸ್ಥಳ ಅಂದರೇನು ಗೊತ್ತಿಲ್ಲ. ಫ್ರೇಮಿನ ಮುಕ್ಕಾಲು ಪಾಲು ಕತ್ತಲು ಕಂಡರೆ, ಬೆಳಕು ಸಾಲದು ಅಂತ ಅದು ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. 1/20, 1/30 ಸೆಕೆಂಡ್. ಅಷ್ಟರಲ್ಲಿ ವೇಷಧಾರಿ ಅರ್ಧ ಸುತ್ತು ತಿರುಗಿರುತ್ತಾರೆ. ಹಿಂದಿನ ಕತ್ತಲೆಯನ್ನು ಬೆಳಗಿಸಲು ಹೋಗಿ, ದೀಪ ನೇರವಾಗಿ ಬಿದ್ದಿರುವ ಮುಖ ಬಿಳಿಚಿಕೊಳ್ಳುತ್ತದೆ.

ಹಾಗಾಗಿ ಶಟರ್ ವೇಗ ಎಷ್ಟು ಅನ್ನುವುದನ್ನು ನೀವೇ ಹೇಳಿ. ಡಯಲ್‌ನಲ್ಲಿ ಎಸ್ (S) ಅಕ್ಷರಕ್ಕೆ ತಿರುಗಿಸಿ, ಕ್ಯಾನನ್ ಆದರೆ ಟಿವಿ (Tv) ಅಂತ ಬರೆದಿರುವಲ್ಲಿಗೆ. 1/250 ಇಡಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋದಲ್ಲಿರಲಿ, ಮೇಲಿನ ಮಿತಿ 6400. ಆಮೇಲೆ ಪ್ಲಸ್-ಮೈನಸ್ ಗುರುತಿರುವ ಬಟನ್ ಒತ್ತಿ, ಎಕ್ಸ್‌ಪೋಶರ್ ಮೈನಸ್ 1ಕ್ಕೆ ಇಳಿಸಿ. ಇಷ್ಟಕ್ಕೇ ಮುಖದ ಬಣ್ಣಗಾರಿಕೆ ವಾಪಸ್ ಬರುತ್ತದೆ. ಇನ್ನೂ ಬೆಳ್ಳಗಿದ್ದರೆ ಮತ್ತೂ ಸ್ವಲ್ಪ ಇಳಿಸಿ.

6400 ಅಂದ ಕೂಡಲೇ ಹೊಸಬರು ಬೆಚ್ಚುತ್ತಾರೆ. ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ನಿಜ. ಕಾಣಲಿ ಬಿಡಿ. ರವೆಯನ್ನು ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು, ಅಲುಗಾಡಿದ ಕಣ್ಣನ್ನು ಸರಿ ಮಾಡುವುದು ಕಷ್ಟ. ಲೆನ್ಸಿನಲ್ಲಿರುವ ವಿಆರ್ ಅಥವಾ ಐಎಸ್ ಕೂಡ ನಿಮ್ಮ ಕೈ ನಡುಗುವುದನ್ನಷ್ಟೇ ಹಿಡಿಯುತ್ತದೆ, ಕುಣಿಯುವವರನ್ನಲ್ಲ.

ಇನ್ನು ನಿಮ್ಮ ಲೆನ್ಸ್. ಅದರ ಮೇಲೆ 3.5-5.6 ಅಂತ ಬರೆದಿರುತ್ತದೆ, ನೋಡಿ. 18ರಲ್ಲಿ ಅದು 3.5ರಷ್ಟು ಬಾಯಿ ತೆರೆಯುತ್ತದೆ, ಪೂರ್ತಿ ಜೂಮ್ ಮಾಡಿ 55ಕ್ಕೆ ಹೋದರೆ 5.6 ಅಷ್ಟೇ. ಈ ಅಂಕಿ ದೊಡ್ಡದಾದಷ್ಟೂ ಬಾಯಿ ಸಣ್ಣದು. ಅಂದರೆ ಜೂಮ್ ಮಾಡಿದಾಗ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಹಿಂದೆ ಕುರ್ಚಿ ಹಾಕಿ ಕೂತು ಜೂಮ್ ಮಾಡುವ ಬದಲು, ಬೇಗ ಹೋಗಿ ಮುಂದೆ ಒಂದು ಬದಿಯಲ್ಲಿ ಚಾಪೆ ಹಿಡಿಯಿರಿ. ಹಿಂದಿನವರಿಗೆ ಅಡ್ಡ ನಿಲ್ಲಬೇಡಿ, ಬೈಗುಳ ಬೀಳುತ್ತದೆ! ಫ್ಲ್ಯಾಶ್ ಅಂತೂ ಬೇಡವೇ ಬೇಡ. ನನ್ನ ಮೊದಲ ಆಟದಲ್ಲಿ ಆಟೋ ಮೋಡ್ ತಾನಾಗಿಯೇ ಫ್ಲ್ಯಾಶ್ ಎಬ್ಬಿಸಿತ್ತು. ಪದ್ಯ ಹೇಳುತ್ತಿದ್ದ ಭಾಗವತರು ನಿಲ್ಲಿಸಲಿಲ್ಲ, ಸುಮ್ನೆ ನನ್ನ ಕಡೆ ಒಂದು ಸಲ ನೋಡಿದರು. ಅಷ್ಟು ಸಾಕಾಯಿತು.

ಫೋಕಸ್ ವಿಚಾರ ಒಂದಿದೆ. ಕಿರೀಟದ ಮಿಣುಕು ಕ್ಯಾಮೆರಾವನ್ನು ಎಳೆದುಕೊಳ್ಳುತ್ತದೆ. ಮನೆಗೆ ಬಂದು ನೋಡಿದರೆ ಕಿರೀಟ ಸ್ಪಷ್ಟ, ಕಣ್ಣು ಮಬ್ಬು. ಒಂದೇ ಫೋಕಸ್ ಪಾಯಿಂಟ್ ಆರಿಸಿಕೊಂಡು ಕಣ್ಣಿನ ಮೇಲಿಡಿ, ಬಟನ್ ಅರ್ಧ ಒತ್ತಿ ಹಿಡಿದು ಕಾಯಿರಿ.

ಎಲ್ಲಿಯವರೆಗೆ? ಇದಕ್ಕೆ ಕಣ್ಣಿಗಿಂತ ಕಿವಿ ಉಪಯೋಗ. ಕುಣಿತದ ನಡುವೆ ಕ್ಲಿಕ್ ಕ್ಲಿಕ್ ಅನ್ನಿಸುವುದರಿಂದ ಕಾರ್ಡ್ ತುಂಬುತ್ತದೆ, ಅಷ್ಟೆ. ಚಂಡೆ ಮುಕ್ತಾಯಕ್ಕೆ ಬರುವುದನ್ನು ಕೇಳಿ. ವೇಷ ಕೊನೆಯ ಹೆಜ್ಜೆ ಊರಿ ನಿಲ್ಲುವ ಆ ಕ್ಷಣ ನಿಮ್ಮದು. ಹಾರುವಾಗಲೂ ಅಷ್ಟೇ, ಮೇಲೆ ಹೋದ ದೇಹ ಕೆಳಗೆ ಬೀಳುವ ಮುಂಚೆ ಒಂದು ಗಳಿಗೆ ನಿಂತೇ ನಿಲ್ಲುತ್ತದೆ. ಅಲ್ಲಿ 1/250 ಧಾರಾಳ ಸಾಕು. ವೇಷ ರಥದ ಮೇಲೆ, ಅಂದರೆ ರಂಗಸ್ಥಳದ ಪೀಠದ ಮೇಲೆ, ಕೂತು ಮಾತಾಡುವಾಗ 1/100ಕ್ಕೆ ಇಳಿಸಿದರೂ ನಡೆಯುತ್ತದೆ, ಐಎಸ್‌ಒ ತಾನಾಗಿ ಇಳಿದು ಫೋಟೊ ನುಣುಪಾಗುತ್ತದೆ.

ಕೆಲವು ಕಡೆ ಎಲ್‌ಇಡಿ ದೀಪಕ್ಕೆ ಫೋಟೊದಲ್ಲಿ ಅಡ್ಡಪಟ್ಟೆ ಬರುತ್ತದೆ. ಕ್ಯಾಮೆರಾ ಕೆಟ್ಟಿತು ಅಂತ ಅಂಗಡಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 1/100 ಇಟ್ಟರೆ ಒಂದು ಮಿಣುಕು ಪೂರ್ತಿ ಒಳಗೆ ಬರುತ್ತದೆ, ಪಟ್ಟೆ ಹೆಚ್ಚಾಗಿ ಮಾಯ.

ಒಂದು ಸೀಸನ್ ಹೀಗೆ ತೆಗೆಯಿರಿ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೂ ಆಸೆ ಉಳಿದಿದ್ದರೆ 50 ಎಂಎಂ ಎಫ್ 1.8 ಲೆನ್ಸ್ ನೋಡಿ. ಜೂಮ್ ಇರಲ್ಲ. ಆದರೆ ನಿಮ್ಮ ಲೆನ್ಸ್ 55ರಲ್ಲಿ ಕೊಡುವುದಕ್ಕಿಂತ ಸುಮಾರು ಒಂಬತ್ತು-ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಪ್ರಶ್ನೆ: ಅಜ್ಜಿಯನ್ನು ಕಿಟಕಿ ಮುಂದೆ ಕೂರಿಸಿ ಮೊಬೈಲಿನಲ್ಲಿ ತೆಗೆದರೆ ಮುಖ ಕಪ್ಪಾಗಿ ಬರುತ್ತದೆ. ಯಾಕೆ?
– ಮೈಸೂರಿನ ಓದುಗರು

ಉತ್ತರ: ಕಿಟಕಿ ಅಜ್ಜಿಯ ಬೆನ್ನ ಹಿಂದಿದೆ, ಅಲ್ವಾ? ಕುರ್ಚಿಯನ್ನು ತಿರುಗಿಸಿ, ಬೆಳಕು ಒಂದು ಕೆನ್ನೆಗೆ ಓರೆಯಾಗಿ ಬೀಳಲಿ. ಮುಖದ ಸುಕ್ಕು, ಮೂಗುತಿಯ ಹೊಳಪು ಎಲ್ಲ ಆಗ ಎದ್ದು ಕಾಣುತ್ತದೆ. ಟ್ಯೂಬ್‌ಲೈಟ್ ಆಫ್ ಮಾಡಿ, ಎರಡು ಬಗೆಯ ಬೆಳಕು ಸೇರಿದರೆ ಚರ್ಮದ ಬಣ್ಣ ಕೆಡುತ್ತದೆ. ಅಜ್ಜಿ ಏಳಲ್ಲ ಅಂದರೆ ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳಿಡಿ, ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನನ್ನು ಮೇಲೆ ಎಳೆಯಿರಿ. ಹಿಂದಿನ ಕಿಟಕಿ ಬಿಳಿಯಾದೀತು, ಮುಖ ಸಿಗುತ್ತದೆ. ಅದಕ್ಕೂ ಮೊದಲು ಮೊಬೈಲಿನ ಲೆನ್ಸ್ ಒರೆಸಿದ್ದೀರಾ?

ಪ್ರಶ್ನೆ: ಕಲಿಯುವವರಿಗೆ ಜೆಪೆಗ್ ಸಾಕಾ, ರಾ ಬೇಕಾ?
– ಧಾರವಾಡದ ಓದುಗರು

ಉತ್ತರ: ಎರಡೂ ಒಟ್ಟಿಗೆ ಬರುವ ಹಾಗೆ ಇಟ್ಟುಕೊಳ್ಳಿ. ಜೆಪೆಗ್ ಅಂದರೆ ಕ್ಯಾಮೆರಾ ತಾನೇ ಅಡುಗೆ ಮಾಡಿ ಕೊಡುವ ಫೋಟೊ, ಅದು ಇವತ್ತೇ ವಾಟ್ಸಾಪಿಗೆ ಹೋಗಲಿ. ರಾ ಅಂದರೆ ಕ್ಯಾಮೆರಾ ಹಿಡಿದ ಹಸಿ ಮಾಹಿತಿ, ಅದು ಡಬ್ಬಿಯಲ್ಲಿರಲಿ. ಬಣ್ಣ ಸರಿಮಾಡುವುದು ಕಲಿತ ಮೇಲೆ ತೆಗೆದು ನೋಡಿ.