ಪಿಯುಸಿ ಮುಗಿಸಿದ ತಂಗಿಯನ್ನು ಮದುವೆವರೆಗೆ ಗಾರ್ಮೆಂಟ್ಸ್ ಕೆಲಸಕ್ಕೆ ಕಳಿಸಬಹುದಾ?

ಅವಳಿಗೆ ಮುಂದೆ ಓದುವ ಆಸೆ ಇದ್ದರೆ ಮೊದಲು ಓದಿಸಿ. ಇಲ್ಲ ಅಂದರೆ ಖಂಡಿತ ಕಳಿಸಿ. ಆದರೆ ಆ ‘ಮದುವೆವರೆಗೆ’ ಅನ್ನೋ ಲೆಕ್ಕ ಮಾತ್ರ ಬೇಡ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಹೆಲ್ಪರ್ ಆಗಿ ಸೇರಿ ಟೈಲರ್ ಆದವಳು. ಕೆಲಸ ಸುಲಭ ಅಂತ ಹೇಳೋದಿಲ್ಲ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ, ಸೂಪರ್‌ವೈಸರ್ ಬೈಗುಳ ಇರುತ್ತದೆ, ಸಂಜೆಗೆ ಬೆನ್ನು ಹಿಡಿದುಕೊಳ್ಳುತ್ತದೆ. ಆದರೂ ನನಗೆ ಜಾಸ್ತಿ ಸಂಕಟ ಆಗಿದ್ದು ಬೇರೆ ವಿಷಯಕ್ಕೆ. ಎಲ್ಲ ಮಿಷನ್ ಕಲಿತ ಹುಡುಗಿಯರು ಮದುವೆಗೆ ಅಂತ ಕೆಲಸ ಬಿಡುತ್ತಿದ್ದರು, ಪಿಎಫ್ ಪೂರ್ತಿ ತೆಗೆದು ಛತ್ರಕ್ಕೋ ಒಡವೆಗೋ ಕೊಡುತ್ತಿದ್ದರು. ಮಗು ಅಂಗನವಾಡಿಗೆ ಹೋಗೋ ಹೊತ್ತಿಗೆ ಬೇರೆ ಫ್ಯಾಕ್ಟರಿಯಲ್ಲಿ ಮತ್ತೆ ಹೊಸಬರ ಸಂಬಳಕ್ಕೆ ಸೇರುತ್ತಿದ್ದರು.

ಪಿಎಫ್‌ಗೆ ಸಂಬಳದ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ನೂರಕ್ಕೆ 12 ರೂಪಾಯಿ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು, ಅದರಲ್ಲಿ ಒಂದು ಪಾಲು ಪಿಂಚಣಿಗೆ ಹೋಗುತ್ತದೆ. ಒಟ್ಟು 10 ವರ್ಷದ ಸರ್ವಿಸ್ ಆದರೆ 58ನೇ ವಯಸ್ಸಿಗೆ ಪಿಂಚಣಿ ಬರುತ್ತದೆ. ಫ್ಯಾಕ್ಟರಿ ಬದಲಾದರೂ ಯುಎಎನ್, ಅಂದರೆ ಪಿಎಫ್‌ಗೆ ಒಬ್ಬರಿಗೆ ಕೊಡೋ ನಂಬರ್, ಒಂದೇ ಇದ್ದರೆ ಸರ್ವಿಸ್ ಕೂಡುತ್ತಾ ಹೋಗುತ್ತದೆ. ಮಧ್ಯೆ ಪಿಂಚಣಿ ದುಡ್ಡನ್ನೂ ತೆಗೆದರೆ ಆ ವರ್ಷಗಳೆಲ್ಲ ಹೋದ ಹಾಗೆ. ಸೇರಿದ ತಿಂಗಳಲ್ಲೇ ಯುಎಎನ್‌ಗೆ ಅವಳದೇ ಮೊಬೈಲ್ ನಂಬರ್ ಕೊಡಿಸಿ, ಆಧಾರ್‌ನಲ್ಲಿರೋ ಹೆಸರೇ ಇದೆಯಾ ನೋಡಿ.

ಈ ದುಡ್ಡು ನಮಗೆ ಎಷ್ಟು ಮುಖ್ಯ ಅಂತ 2016ರ ಏಪ್ರಿಲ್‌ನಲ್ಲಿ ಇಡೀ ದೇಶ ನೋಡಿತು. ಮಾಲೀಕರ ಪಾಲನ್ನು 58 ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ನಿಯಮ ಬಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ಕಷ್ಟಕ್ಕೆ ಸ್ವಲ್ಪ ತೆಗೆಯೋದು ತಪ್ಪಲ್ಲ. ಅದು ಅವಳ ದುಡ್ಡು, ತೀರ್ಮಾನವೂ ಅವಳದೇ ಆಗಿರಬೇಕು, ಅಲ್ವಾ?

ಇನ್ನೊಂದು, ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಬಸುರಿ ಆದ ತಕ್ಷಣ ಸುಮ್ನೆ ರಾಜೀನಾಮೆ ಬರೆದುಕೊಟ್ಟು ಹೋಗುವವರು ಎಷ್ಟೋ ಜನ. ಇಎಸ್‌ಐ ಕಟ್ಟಿದ ದಿನಗಳು ಸಾಕಷ್ಟಿದ್ದರೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದಷ್ಟೇ ದುಡ್ಡು ಸಿಗುತ್ತದೆ. ಇದನ್ನು ಮದುವೆಗೆ ಮುಂಚೆಯೇ ಹುಡುಗನ ಮನೆಯವರಿಗೂ ಹೇಳಿ.

ಓಡಾಟದ ಚಿಂತೆ ಈಗ ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ದುಡ್ಡಿಲ್ಲ. ಸಂಬಳದ ಎಟಿಎಂ ಕಾರ್ಡ್ ಮಾತ್ರ ಅವಳ ಹತ್ತಿರವೇ ಇರಲಿ. ಮನೆಗೆ ಎಷ್ಟು ಕೊಡಬೇಕು ಅಂತ ಅವಳನ್ನೇ ಕೇಳಿ.